ಲೆಕ್ಕಿಗನ ಕೈಗೆ ಮೊಹರು ಬಂದಾಗ: ಖ್ವಾಜಾ ಮಹಮೂದ್ ಗವಾನರ ಜೀವನ



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯ ನಮ್ಮ ಅನೇಕ ಮನೆಗಳಲ್ಲಿ ಇಂದು ಲೆಕ್ಕ ಬಲ್ಲ ಒಬ್ಬ ಮಗನೋ ಮಗಳೋ ಇದ್ದಾರೆ. ಬಿ.ಕಾಂ. ಮುಗಿಸಿ ಸಹಕಾರಿ ಸಂಘದಲ್ಲಿ ಗುಮಾಸ್ತರಾದವರಿದ್ದಾರೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆದವರಿದ್ದಾರೆ. ಅಡತಿ ಅಂಗಡಿಯಲ್ಲಿ ದಿವಾಣಜಿಯಾಗಿ ಕುಳಿತವರಿದ್ದಾರೆ. ಹುಬ್ಬಳ್ಳಿಯ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿ ಅಕೌಂಟ್ಸ್ ನೋಡುವವರೂ ಇದ್ದಾರೆ. ಹತ್ತು ವರ್ಷ ಒಂದು ಪೈಸೆಯೂ ತಪ್ಪದಂತೆ ಕಿರ್ದಿ, ಖತಾವಣಿ ಬರೆದ ಇಂಥವರನ್ನು ಒಂದು ದಿನ ಮೇಲಿನವರು ಕರೆದು ಮ್ಯಾನೇಜರರ ಕುರ್ಚಿಯಲ್ಲಿ ಕೂಡಿಸುತ್ತಾರೆ. ಮನೆಯಲ್ಲಿ ಸಿಹಿ ಹಂಚಲಾಗುತ್ತದೆ. ತಾಯಿ ಎರಡು ರಕಅತ್ ಕೃತಜ್ಞತೆಯ ನಮಾಝ್ ಮಾಡುತ್ತಾಳೆ.

ಆರು ತಿಂಗಳ ಬಳಿಕ ಅದೇ ವ್ಯಕ್ತಿ ಸಂಜೆ ಮನೆಗೆ ಬಂದು ಯಾರೊಡನೆಯೂ ಮಾತಾಡದೆ ಕೂಡುವುದನ್ನು ನೀವು ಕಂಡಿರಬಹುದು. ಕಾರಣ ಸರಳ. ಅಂಕಿಗಳು ಹೇಳಿದ ಮಾತು ಕೇಳುತ್ತಿದ್ದವು, ಮನುಷ್ಯರು ಕೇಳುತ್ತಿಲ್ಲ. ತಪ್ಪಿದ ಅಂಕಿಯನ್ನು ಹೊಡೆದು ಸರಿಪಡಿಸಬಹುದಿತ್ತು, ನೊಂದ ಮನಸ್ಸನ್ನು ಹಾಗೆ ಸರಿಪಡಿಸಲಾಗದು. ನಿನ್ನೆ ಪಕ್ಕದ ಮೇಜಿನಲ್ಲಿ ಚಹಾ ಕುಡಿದವನು ಇಂದು ಎದುರು ಬಂದರೆ ದಾರಿ ಬದಲಿಸುತ್ತಾನೆ. ದೊಡ್ಡ ನಗರಗಳಲ್ಲಿ ಇಂಥವರಿಗೆಂದೇ ಹಣ ತೆತ್ತು ಸೇರುವ ತರಬೇತಿ ಶಿಬಿರಗಳು ನಡೆಯುತ್ತವೆ. ಅವುಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಪಾಠವನ್ನು ತನ್ನ ಪ್ರಾಣ ಕೊಟ್ಟು ಕಲಿಸಿ ಹೋದ ಒಬ್ಬ ಮಹಾಪುರುಷರು ನಮ್ಮ ನಾಡಿನ ಮಣ್ಣಿನಲ್ಲೇ ಮಲಗಿದ್ದಾರೆ. ಬೀದರಿನ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿದ್ದ ಖ್ವಾಜಾ ಮಹಮೂದ್ ಗವಾನ್ ಅವರೇ ಆ ಮಹಾಪುರುಷರು.

ಜಮಾ, ಖರ್ಚು, ಬಾಕಿ, ವಸೂಲಿ, ದಫ್ತರ, ಮೊಹರು ಎಂದು ನೀವು ದಿನವೂ ಆಡುವ ಮಾತುಗಳನ್ನು ಗಮನಿಸಿ. ಇವೆಲ್ಲ ಅರಬಿ ಮತ್ತು ಫಾರ್ಸಿ ಮೂಲದ ಪದಗಳು. ಸುಲ್ತಾನರ ಕಾಲದ ದಫ್ತರಗಳ ಮೂಲಕವೇ ಇಂಥ ಎಷ್ಟೋ ಪದಗಳು ನಮ್ಮ ಹಳ್ಳಿಗಳಿಗೆ ಬಂದು ಕನ್ನಡವಾದವು. ಹಾಗೆ ನೋಡಿದರೆ ಗವಾನರು ನಮಗೆ ಅಪರಿಚಿತರಲ್ಲ. ಅವರು ಬಳಸಿದ ಮಾತುಗಳನ್ನೇ ನಾವು ಇಂದಿಗೂ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದೇವೆ.

ವರ್ತಕನಾಗಿ ಬಂದವರು

ಗವಾನರು ಹುಟ್ಟಿದ್ದು ಈಗಿನ ಇರಾನಿನ ಉತ್ತರಕ್ಕಿರುವ ಗೀಲಾನ್ ಪ್ರಾಂತದಲ್ಲಿ, 1411ರ ಸುಮಾರಿಗೆ. ಅವರ ವಂಶದ ಹಿರಿಯರು ಅಲ್ಲಿಯ ಅರಸರಲ್ಲಿ ಮಂತ್ರಿಗಳಾಗಿದ್ದರು. ಆದರೆ ಅರಮನೆಯ ಒಳಸಂಚುಗಳು ಮಹಮೂದರನ್ನು ಊರು ಬಿಡಿಸಿದವು. ಬೇರೆ ಅರಸರು ಮಂತ್ರಿಪದವಿ ನೀಡಲು ಮುಂದಾದರೂ ಅವರು ಒಪ್ಪದೆ ವ್ಯಾಪಾರದ ದಾರಿ ಹಿಡಿದರು. ಊರೂರು ಸುತ್ತಿ ಸರಕು ಕೊಂಡು ಮಾರಿದರು. ಹೋದಲ್ಲೆಲ್ಲ ವಿದ್ವಾಂಸರ ಸಹವಾಸ ಮಾಡಿದರು. ಹೀಗೆ ಲಾಭ ನಷ್ಟದ ಲೆಕ್ಕವೂ ಜ್ಞಾನವೂ ಅವರಲ್ಲಿ ಜೊತೆಯಾಗಿ ಬೆಳೆದವು.

1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಅವರು ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದರು. ಬೀದರಿನಲ್ಲಿ ನೆಲೆಸಿದ್ದ ಸಂತ ಶಾಹ್ ಮುಹಿಬ್ಬುಲ್ಲಾಹರನ್ನು ಕಂಡು ಅಲ್ಲಿಂದ ದಿಲ್ಲಿಗೆ ಹೋಗುವುದು ಅವರ ಉದ್ದೇಶವಾಗಿತ್ತು. ದಿಲ್ಲಿಯ ಪ್ರಯಾಣ ನಡೆಯಲೇ ಇಲ್ಲ. ಸುಲ್ತಾನ್ ಅಲಾಉದ್ದೀನ್ ಅಹ್ಮದ್ ಅವರ ಯೋಗ್ಯತೆಯನ್ನು ಕಂಡು ತಮ್ಮ ಸೇವೆಯಲ್ಲೇ ಉಳಿಸಿಕೊಂಡರು. ಸಾವಿರ ಸವಾರರ ಸರದಾರಿಕೆ ನೀಡಿ ತೆಲಂಗಾಣದ ಬಂಡಾಯವನ್ನು ಅಡಗಿಸಲು ಕಳುಹಿಸಿದರು. ಮುಂದೆ ಹುಮಾಯೂನ್ ಶಾಹ್ ಅವರು ವರ್ತಕರ ಮುಖ್ಯಸ್ಥ ಎಂಬ ಅರ್ಥದ ಮಲಿಕುತ್ತುಜ್ಜಾರ್ ಬಿರುದನ್ನು ಕೊಟ್ಟು, ಬಿಜಾಪುರದ ಆಡಳಿತವನ್ನೂ ಒಪ್ಪಿಸಿದರು.

1461ರಲ್ಲಿ ಹುಮಾಯೂನ್ ಶಾಹ್ ತೀರಿಕೊಂಡಾಗ ಸಿಂಹಾಸನದ ಮೇಲೆ ಕುಳಿತದ್ದು ಒಬ್ಬ ಎಳೆಯ ಬಾಲಕ. ರಾಜ್ಯ ನಡೆಸುವ ಹೊಣೆ ಮೂವರ ಮೇಲೆ ಬಿತ್ತು. ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಎಂಬ ಹಿರಿಯ ಸರದಾರ ಮತ್ತು ಗವಾನ್. ಮರುವರ್ಷವೇ ಮಾಳವದ ಸುಲ್ತಾನ ದಂಡೆತ್ತಿ ಬಂದು ಬೀದರನ್ನು ಮುತ್ತಿದ. ಗವಾನರು ಗುಜರಾತಿನ ಸುಲ್ತಾನರ ನೆರವು ಪಡೆದು ರಾಜ್ಯ ಉಳಿಸಿದರು. 1466ರಲ್ಲಿ ಖ್ವಾಜಾ ಜಹಾನ್ ತುರ್ಕ್ ತುಂಬಿದ ದರ್ಬಾರಿನಲ್ಲೇ ಕೊಲೆಯಾದ. ಅಧಿಕಾರವನ್ನೆಲ್ಲ ತನ್ನ ಹಿಡಿತದಲ್ಲಿ ಇಟ್ಟುಕೊಂಡ ಆರೋಪ ಅವನ ಮೇಲಿತ್ತು. ಅವನು ಬಿಟ್ಟ ಸ್ಥಾನಕ್ಕೆ ಬಂದವರು ಗವಾನರು. ಆಗ ಗಾದಿಯಲ್ಲಿದ್ದ ಮುಹಮ್ಮದ್ ಶಾಹ್ ಇನ್ನೂ ಹುಡುಗ. ಹದಿಮೂರು ವರ್ಷಗಳ ಹಿಂದೆ ಹಡಗಿನಿಂದ ಇಳಿದ ವರ್ತಕ ಹೀಗೆ ಇಡೀ ದಖ್ಖನಿನ ಮೇಲಾಡಳಿತಗಾರನಾದ.

ಎರಡು ಖಜಾನೆಗಳು

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ರಾಜ್ಯದ ಬೊಕ್ಕಸವೇ ಕೈಯಲ್ಲಿರುವಾಗ ವ್ಯಾಪಾರಿಯಾದವನು ತನ್ನ ಗಂಟನ್ನು ದೊಡ್ಡದು ಮಾಡಿಕೊಳ್ಳಲಿಲ್ಲವೇ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಅವರ ಮರಣದ ನಂತರ. ಇತಿಹಾಸಕಾರ ಫರಿಶ್ತಾ ಅದನ್ನು ದಾಖಲಿಸಿದ್ದಾನೆ. ಗವಾನರ ಮನೆಯಲ್ಲಿ ಅಪಾರ ಸಂಪತ್ತು ಸಿಗುವುದೆಂದು ನಂಬಿದ್ದ ಸುಲ್ತಾನ ಅವರ ಖಜಾಂಚಿಯನ್ನು ಕರೆಸಿ ವಿಚಾರಿಸಿದ. ಯಜಮಾನರು ಎರಡು ಖಜಾನೆಗಳನ್ನು ಇಟ್ಟಿದ್ದರೆಂದು ಖಜಾಂಚಿ ತಿಳಿಸಿದ. ಒಂದಕ್ಕೆ ಅರಸನ ಖಜಾನೆಯೆಂದು ಹೆಸರು. ಜಹಗೀರಿನಿಂದ ಬಂದ ಹಣ ಅದಕ್ಕೆ ಜಮಾ ಆಗುತ್ತಿತ್ತು ಮತ್ತು ಸೈನಿಕರ ಸಂಬಳಕ್ಕೆ, ಆನೆ ಕುದುರೆಗಳ ಮೇವಿಗೆ ಖರ್ಚಾಗುತ್ತಿತ್ತು. ಇನ್ನೊಂದಕ್ಕೆ ಬಡವರ ಖಜಾನೆಯೆಂದು ಹೆಸರು. ಆ ದಿನ ಅದರಲ್ಲಿ ಉಳಿದಿದ್ದದ್ದು 300 ಲಾರಿ ನಾಣ್ಯಗಳು ಮಾತ್ರ. ಅವರ ಸ್ವಂತ ಜೀವನ ನಡೆಯುತ್ತಿದ್ದದ್ದು ಹುಟ್ಟೂರಿನಿಂದ ತಂದ 40,000 ಲಾರಿ ಬಂಡವಾಳದ ವ್ಯಾಪಾರದಿಂದ. ಅದರ ಲಾಭದಲ್ಲಿ ಸ್ವಲ್ಪವನ್ನು ಊಟಕ್ಕೆ ಇಟ್ಟುಕೊಂಡು ಉಳಿದುದನ್ನು ಗೀಲಾನಿನಲ್ಲಿದ್ದ ತಾಯಿಗೂ ಬಂಧುಗಳಿಗೂ ಬಡವರಿಗೂ ಹಂಚುತ್ತಿದ್ದರು. ಮನೆಯಲ್ಲಿ ಅವರು ಮಲಗುತ್ತಿದ್ದದ್ದು ಚಾಪೆಯ ಮೇಲೆ, ಅಡುಗೆ ನಡೆಯುತ್ತಿದ್ದದ್ದು ಮಣ್ಣಿನ ಪಾತ್ರೆಗಳಲ್ಲಿ.

ಅವರ ವ್ಯಾಪಾರ ಹೆಸರಿಗಷ್ಟೇ ಇದ್ದ ವ್ಯಾಪಾರವೂ ಅಲ್ಲ. ಟರ್ಕಿಯ ಬುರ್ಸಾ ನಗರದ ನ್ಯಾಯಾಲಯದ ಹಳೆಯ ದಾಖಲೆಗಳಲ್ಲಿ ಅವರ ಪ್ರತಿನಿಧಿಗಳು ಭಾರತದ ಬಟ್ಟೆಗಳನ್ನು ಮಾರಿದ ವಿವರ ಸಿಕ್ಕಿದೆ. ಪ್ರಧಾನಮಂತ್ರಿಯ ಕುರ್ಚಿಯಲ್ಲಿದ್ದಾಗಲೂ ಊಟದ ಖರ್ಚನ್ನು ಸ್ವಂತ ದುಡಿಮೆಯಿಂದ ತೆಗೆಯುವ ಈ ಶಿಸ್ತನ್ನು ಗಮನಿಸಿ. ಎರಡು ಚೀಲಗಳ ಹಣ ಅವರಲ್ಲಿ ಎಂದೂ ಬೆರೆಯಲಿಲ್ಲ.

ಸಂಘದ ಜೀಪನ್ನು ಮದುವೆಗೆ ಬಳಸುವುದು, ಜಮಾಅತಿನ ಹಣವನ್ನು ನಾಲ್ಕು ದಿನ ಕೈಗಡವಾಗಿ ತೆಗೆದುಕೊಳ್ಳುವುದು ಇವೆಲ್ಲ ಸಣ್ಣ ಸಂಗತಿಗಳೆಂದು ನಮಗೆ ತೋರುತ್ತವೆ. ನಾಲ್ಕು ದಿನಗಳಲ್ಲಿ ಮರಳಿ ಇಟ್ಟರಾಯಿತಲ್ಲ ಎನ್ನುತ್ತೇವೆ. ಅಮಾನತ್ ಕೆಡುವುದು ಹಣ ಮರಳಿ ಬಾರದಾಗ ಅಲ್ಲ, ಎರಡು ಚೀಲಗಳ ನಡುವಿನ ಗಂಟು ಸಡಿಲವಾದ ದಿನವೇ ಅದು ಕೆಟ್ಟಿರುತ್ತದೆ.

ಗೌರವ ಬಂದ ದಿನ ಅತ್ತವರು

1469ರಿಂದ 1472ರವರೆಗೆ ಗವಾನರು ಪಶ್ಚಿಮ ಘಟ್ಟಗಳಲ್ಲಿ ಯುದ್ಧ ನಡೆಸಿದರು. ಮಳೆಗಾಲ ಬಂದಾಗ ಆತುರಪಡದೆ ಕೊಲ್ಹಾಪುರದಲ್ಲಿ ಬೀಡುಬಿಟ್ಟರು. ಮಳೆ ನಿಂತ ಮೇಲೆ ಮತ್ತೆ ಮುಂದುವರಿದರು. ಕೊನೆಗೆ 1472ರ ಫೆಬ್ರುವರಿಯಲ್ಲಿ ಗೋವಾ ಕೈವಶವಾಯಿತು. ಮರುವರ್ಷ ನಮ್ಮ ಪಕ್ಕದ ಬೆಳಗಾವಿಯ ಕೋಟೆಯೂ ಬಹಮನಿಗಳ ಪಾಲಾಯಿತು.

ಗೋವಾ ಗೆದ್ದು ಬಂದ ಗವಾನರನ್ನು ಸುಲ್ತಾನ ಅಪೂರ್ವವಾಗಿ ಗೌರವಿಸಿದ. ತಾನೇ ಅವರ ಮನೆಗೆ ಬಂದು ಒಂದು ವಾರ ತಂಗಿದ. ರಾಜಮಾತೆ ಅವರನ್ನು ಸಹೋದರನೆಂದು ಕರೆದರು. ಬಿರುದುಗಳೂ ಉಡುಗೊರೆಗಳೂ ಬಂದವು. ಇದಾದ ಮೇಲೆ ಏನಾಯಿತೆಂಬುದನ್ನು ಫರಿಶ್ತಾ ವಿವರವಾಗಿ ಬರೆದಿದ್ದಾನೆ. ಸುಲ್ತಾನ ಹೊರಟುಹೋದ ಬಳಿಕ ಗವಾನರು ಒಳಕೋಣೆಗೆ ಹೋಗಿ ಬೆಲೆಬಾಳುವ ಉಡುಪನ್ನು ಕಳಚಿ ನೆಲದ ಮೇಲೆ ಬಿದ್ದು ಅತ್ತರು. ಬಳಿಕ ಫಕೀರರ ಉಡುಪು ತೊಟ್ಟು ಹೊರಬಂದು ಊರಿನ ವಿದ್ವಾಂಸರನ್ನೂ ಸಜ್ಜನರನ್ನೂ ಕರೆಸಿದರು. ತಮ್ಮಲ್ಲಿದ್ದ ಹಣ, ಆಭರಣಗಳನ್ನೆಲ್ಲ ಅವರಿಗೆ ಹಂಚಿಬಿಟ್ಟರು. ಪುಸ್ತಕಗಳನ್ನೂ ಆನೆ ಕುದುರೆಗಳನ್ನೂ ಮಾತ್ರ ಉಳಿಸಿಕೊಂಡರು. ಪುಸ್ತಕಗಳು ವಿದ್ಯಾರ್ಥಿಗಳಿಗೆ ಸೇರಿದವು, ಆನೆ ಕುದುರೆಗಳು ಸುಲ್ತಾನನವು ಎಂಬುದು ಅವರ ವಿವರಣೆಯಾಗಿತ್ತು. ಹೀಗೇಕೆ ಮಾಡಿದಿರೆಂದು ಆಪ್ತರು ಕೇಳಿದಾಗ, ಅಷ್ಟು ದೊಡ್ಡ ಗೌರವ ಬಂದಾಗ ಮನಸ್ಸಿನಲ್ಲಿ ಅಹಂಕಾರ ತಲೆಯೆತ್ತಿದ್ದನ್ನು ಕಂಡು ತಾವು ಹೆದರಿದ್ದಾಗಿ ಅವರು ಒಪ್ಪಿಕೊಂಡರು. ಅಂದಿನಿಂದ ಅವರು ಸರಳ ಉಡುಪನ್ನೇ ಧರಿಸಿದರು. ಶುಕ್ರವಾರದ ರಾತ್ರಿಗಳಲ್ಲಿ ವೇಷ ಮರೆಸಿ ಬೀದರಿನ ಓಣಿಗಳಲ್ಲಿ ತಿರುಗಿ ಬಡವರಿಗೆ ಹಣ ಕೊಡುತ್ತಿದ್ದರು. ಕೊಡುವಾಗಲೂ ಅದು ಸುಲ್ತಾನನು ಕಳುಹಿಸಿದ್ದೆಂದು ಹೇಳುತ್ತಿದ್ದರು.

ಓದುಗರೇ, ಬಡ್ತಿಯ ಆದೇಶ ಕೈಗೆ ಬಂದ ದಿನ ನಾವು ಏನು ಮಾಡುತ್ತೇವೆ? ಹೊಸ ಕುರ್ಚಿ, ಹೊಸ ಫಲಕ, ಬಾಗಿಲಲ್ಲಿ ಜವಾನ. ಗವಾನರು ಆ ದಿನ ತಮ್ಮ ಮನಸ್ಸಿನ ತಪಾಸಣೆ ಮಾಡಿದರು. ಇತರರ ಲೆಕ್ಕದಲ್ಲಿ ತಪ್ಪು ಹುಡುಕುವುದು ಲೆಕ್ಕಿಗನಿಗೆ ರೂಢಿಯಾಗಿರುತ್ತದೆ. ಮುಖ್ಯಸ್ಥನಾದವನು ಆ ಕಣ್ಣನ್ನು ಮೊದಲು ತನ್ನ ಕಡೆ ತಿರುಗಿಸಬೇಕು. ಮಾಡಿದ ಒಳ್ಳೆಯ ಕೆಲಸದ ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಔದಾರ್ಯವೂ ಅವರಿಂದ ಕಲಿಯಬೇಕಾದದ್ದೇ.

ರಾಜ್ಯದ ಲೆಕ್ಕ ಸರಿಪಡಿಸಿದ ಬಗೆ

ಗವಾನರು ಬಂದಾಗ ಬಹಮನಿ ರಾಜ್ಯ ನಾಲ್ಕು ಪ್ರಾಂತಗಳಾಗಿತ್ತು. ಅವುಗಳನ್ನು ತರಫ್ ಎಂದು ಕರೆಯುತ್ತಿದ್ದರು. ಆದರೆ ರಾಜ್ಯವು ಕೊಂಕಣದಿಂದ ಆಂಧ್ರದ ಕರಾವಳಿಯವರೆಗೆ ಬೆಳೆದಿತ್ತು. ಒಬ್ಬೊಬ್ಬ ತರಫ್‌ದಾರನೂ ಸಣ್ಣ ಸುಲ್ತಾನನಂತೆ ಮೆರೆಯುತ್ತಿದ್ದ. ಕೋಟೆಗಳೆಲ್ಲ ಅವನ ಕೈಯಲ್ಲಿ, ಕಂದಾಯವೂ ಅವನ ಕೈಯಲ್ಲಿ. ಐನೂರು ಸೈನಿಕರ ಸಂಬಳ ಪಡೆದು ಕಡಿಮೆ ಜನರನ್ನು ಇಟ್ಟುಕೊಂಡರೂ ಎಣಿಸುವವರಿರಲಿಲ್ಲ.

1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫಾನಾಸಿ ನಿಕಿತಿನ್ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಸರದಾರರು ವೈಭವದಲ್ಲಿ ಮೆರೆಯುತ್ತಿದ್ದರು, ಹಳ್ಳಿಯ ಜನ ಕಡುಬಡತನದಲ್ಲಿದ್ದರು. ಬೆಳಗಾವಿಯ ಯುದ್ಧದ ಬಳಿಕ ಎರಡು ವರ್ಷ ಮಳೆ ಕೈಕೊಟ್ಟು ದಖ್ಖನಿನಲ್ಲಿ ಭೀಕರ ಬರವೂ ಬಂತು. ಇಂಥ ಸ್ಥಿತಿಯಲ್ಲಿ ಗವಾನರು ಆಡಳಿತವನ್ನು ಬುಡದಿಂದ ಸರಿಪಡಿಸಲು ಹೊರಟರು.

ನಾಲ್ಕು ತರಫ್‌ಗಳನ್ನು ಎಂಟು ಮಾಡಿದರು. ಪ್ರತಿ ತರಫ್‌ನಲ್ಲೂ ಕೆಲವು ಪರಗಣೆಗಳನ್ನು ಬೇರ್ಪಡಿಸಿ ಅವುಗಳ ಕಂದಾಯ ನೇರವಾಗಿ ಸುಲ್ತಾನನ ಬೊಕ್ಕಸಕ್ಕೆ ಬರುವಂತೆ ಮಾಡಿದರು. ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ, ಮಿಕ್ಕ ಕೋಟೆಗಳಿಗೆ ಬೀದರಿನಿಂದಲೇ ಅಧಿಕಾರಿಗಳನ್ನು ನೇಮಿಸಿದರು. ಭೂಮಿಯನ್ನು ಅಳತೆ ಮಾಡಿಸಿ, ಹಳ್ಳಿಗಳ ಗಡಿ ಗುರುತಿಸಿ, ಹಕ್ಕುಗಳನ್ನು ದಾಖಲಿಸುವ ಕೆಲಸ ನಡೆಸಿದರು. ಸೈನ್ಯದ ಲೆಕ್ಕದಲ್ಲಿ ಅವರು ಅನುಸರಿಸಿದ ಕ್ರಮ ಇಂದಿಗೂ ಕಲಿಯುವಂಥದ್ದು. ಐನೂರು ಸೈನಿಕರ ಸರದಾರನಿಗೆ ಮೊದಲು ವರ್ಷಕ್ಕೆ 1 ಲಕ್ಷ ಹೊನ್ನು ಸಿಗುತ್ತಿತ್ತು. ಅದನ್ನು 1.25 ಲಕ್ಷಕ್ಕೆ ಏರಿಸಿದರು. ಜಹಗೀರಿನ ಹುಟ್ಟುವಳಿ ಕಡಿಮೆ ಬಿದ್ದರೆ ಬೊಕ್ಕಸದಿಂದ ತುಂಬಿಕೊಡುವ ಏರ್ಪಾಡು ಮಾಡಿದರು. ಆ ಮೇಲೆ, ಒಬ್ಬ ಸೈನಿಕ ಕಡಿಮೆಯಾದರೂ ಅವನ ಹಣವನ್ನು ಕತ್ತರಿಸುವ ನಿಯಮ ತಂದರು.

ಈ ಕ್ರಮವನ್ನು ಮತ್ತೊಮ್ಮೆ ನೋಡಿ. ಕೈಕೆಳಗಿನವನಿಗೆ ಬದುಕಲು ಸಾಕಾಗುವಷ್ಟು ಕೊಟ್ಟ ಮೇಲೆ ಲೆಕ್ಕ ಕೇಳಿದರು. ಸಾಕಷ್ಟು ಕೊಡದೆ ಪ್ರಾಮಾಣಿಕತೆಯನ್ನು ಮಾತ್ರ ಬಯಸುವ ಮುಖ್ಯಸ್ಥರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ! ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಸಲ್ಲಬೇಕೆಂದು ಕಲಿಸಿದ ಧರ್ಮ ನಮ್ಮದು.

ಕಾಗದದಲ್ಲಿ ಸರಿ, ಮನಸ್ಸಿನಲ್ಲಿ?

ಇಷ್ಟು ಓದಿದ ನಿಮಗೆ ಎಲ್ಲವೂ ಸರಿಯಾಗಿದೆಯೆಂದು ಅನಿಸುತ್ತದೆ. ಲೆಕ್ಕದ ದೃಷ್ಟಿಯಿಂದ ಹೌದು, ಎಲ್ಲವೂ ಸರಿ. ಆದರೆ ಪ್ರಾಂತ ಅರ್ಧವಾದವನ, ಕೋಟೆಗಳನ್ನು ಕಳೆದುಕೊಂಡವನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು?

ಆ ಕಾಲದ ಬೀದರಿನಲ್ಲಿ ಎರಡು ಬಣಗಳಿದ್ದವು. ಇಲ್ಲಿಯೇ ನೆಲೆಸಿದ್ದ ದಖ್ಖನಿಗಳದ್ದು ಒಂದು, ಇರಾನ್ ಮುಂತಾದ ಕಡೆಗಳಿಂದ ಹೊಸದಾಗಿ ಬಂದ ಆಫಾಕಿಗಳದ್ದು ಇನ್ನೊಂದು. ಇವರ ನಡುವಿನ ದ್ವೇಷ ಹಿಂದೆ ರಕ್ತಪಾತಕ್ಕೂ ಕಾರಣವಾಗಿತ್ತು. ಗವಾನರು ತಾವು ಆಫಾಕಿಯಾದರೂ ಹುದ್ದೆಗಳನ್ನು ಹಂಚುವಾಗ ಎರಡೂ ಬಣಗಳನ್ನು ತೂಗಿ ನೋಡಿದರು. ದಖ್ಖನಿಗಳ ಮುಂದಾಳು ಮಲಿಕ್ ಹಸನ್‌ನಿಗೂ ದೊಡ್ಡ ಪ್ರಾಂತವನ್ನೇ ಕೊಟ್ಟರು. ತಕ್ಕಡಿ ಸಮವಾಗಿತ್ತು. ಆದರೆ ಕಳೆದುಕೊಂಡವನು ಪಕ್ಕದವನಿಗೆ ಎಷ್ಟು ಸಿಕ್ಕಿತೆಂದು ಮಾತ್ರ ನೋಡುತ್ತಾನೆ, ತಕ್ಕಡಿಯನ್ನು ನೋಡುವುದಿಲ್ಲ. ತನ್ನ ಪ್ರಾಂತ ಎರಡು ಹೋಳಾದದ್ದು ಮಲಿಕ್ ಹಸನ್‌ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಇದನ್ನು ತಿಳಿಯಲು ನೀವು ದೂರದ ಬೀದರಿಗೆ ಹೋಗಬೇಕಾಗಿಲ್ಲ. ನವಲಗುಂದದ ಹಿರಿಯರನ್ನು ಕೇಳಿ. ಮಲಪ್ರಭಾ ಯೋಜನೆಯ ಕಾಲುವೆಗಳು ಬಂದ ಮೇಲೆ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರಕಾರ ರೈತರ ಮೇಲೆ ಅಭಿವೃದ್ಧಿ ಕರ ಹಾಕಿತು. ಕಡತದಲ್ಲಿ ಅದು ಸರಿಯಾದ ಲೆಕ್ಕವೇ ಆಗಿತ್ತು. ಆದರೆ ನೀರು ಸರಿಯಾಗಿ ತಲುಪದ ಹೊಲಗಳಿಗೂ ನೋಟೀಸು ಹೋಯಿತು. ರೈತರ ಅಹವಾಲು ಮೇಲಿನವರ ಕಿವಿಗೆ ಬೀಳಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಆಕ್ರೋಶ ಕಟ್ಟೆಯೊಡೆಯಿತು. ಪೋಲಿಸರ ಗುಂಡಿಗೆ ರೈತರು ಪ್ರಾಣ ಕಳೆದುಕೊಂಡರು, ಆ ಗಲಭೆಯಲ್ಲಿ ಬೇರೆಯವರ ಜೀವಗಳೂ ಹೋದವು. ಆ ಬೆಂಕಿ ನಾಡಿನಾದ್ಯಂತ ಹಬ್ಬಿ ಕರ್ನಾಟಕದ ರೈತ ಚಳವಳಿಯನ್ನೇ ಬೆಳೆಸಿತು. ನೋಟೀಸು ಬರೆದವರು ಕೂಡಿಸುವುದರಲ್ಲಿ ಕಳೆಯುವುದರಲ್ಲಿ ತಪ್ಪಿರಲಿಕ್ಕಿಲ್ಲ. ಹೊಲಕ್ಕೆ ಹೋಗಿ ನೀರು ಬಂತೇ ಎಂದು ಕೇಳುವುದನ್ನು ತಪ್ಪಿದರು.

ಮ್ಯಾನೇಜರ್ ಆದ ಲೆಕ್ಕಿಗ ಮುಗ್ಗರಿಸುವುದು ಇಲ್ಲೇ. ಬಾಕಿದಾರರ ಪಟ್ಟಿಯಲ್ಲಿ ಅವನಿಗೆ ಅಂಕಿ ಕಾಣುತ್ತದೆ, ಹತ್ತಿ ಬೆಳೆ ಕೈಕೊಟ್ಟ ಮನೆ ಕಾಣುವುದಿಲ್ಲ. ಖರ್ಚು ಕಡಿತದ ಹಾಳೆಯಲ್ಲಿ ಉಳಿತಾಯ ಕಾಣುತ್ತದೆ, ಕೆಲಸ ಹೋದವನ ಮಕ್ಕಳು ಕಾಣುವುದಿಲ್ಲ. ಸಾಲ ಬಿಟ್ಟುಬಿಡಿ, ನಿಯಮ ಮುರಿಯಿರಿ ಎಂದು ನಾವು ಹೇಳುತ್ತಿಲ್ಲ. ನಿರ್ಧಾರ ಕಠಿಣವಾಗಿದ್ದರೆ ಅದನ್ನು ಕಾಗದದ ಮೂಲಕ ಕಳುಹಿಸಬೇಡಿ, ನೀವೇ ಹೋಗಿ ತಿಳಿಸಿ. ಯಾರಿಗೆ ನಷ್ಟವಾಗುವುದೋ ಅವರ ಮಾತನ್ನು ಮೊದಲು ಕೇಳಿ.

ಮದ್ರಸಾ

ಗವಾನರ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿದದ್ದು ಅವರು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದ್ರಸಾ. ಮೂರು ಅಂತಸ್ತಿನ ಕಟ್ಟಡ, ಎತ್ತರದ ಮಿನಾರು, ಗೋಡೆಗಳ ಮೇಲೆ ಬಣ್ಣಬಣ್ಣದ ಹೆಂಚುಗಳ ಅಲಂಕಾರ. ಒಳಗೆ ಮಸೀದಿ, ಉಪನ್ಯಾಸದ ಕೋಣೆಗಳು, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿ ಮತ್ತು 3,000 ಗ್ರಂಥಗಳ ಪುಸ್ತಕಾಲಯವಿತ್ತು. ಇರಾನಿನ ಪ್ರಸಿದ್ಧ ಕವಿ ಮೌಲಾನಾ ಜಾಮಿಯವರೊಡನೆ ಗವಾನರಿಗೆ ಪತ್ರವ್ಯವಹಾರವಿತ್ತು. ಅವರ ಪತ್ರಗಳ ಸಂಗ್ರಹ ರಿಯಾಝುಲ್ ಇನ್ಶಾ ಎಂಬ ಹೆಸರಿನಲ್ಲಿ ಉಳಿದುಬಂದಿದೆ. 1690ರ ದಶಕದಲ್ಲಿ ಮದ್ದು ಸಿಡಿದು ಮದ್ರಸಾದ ಒಂದು ಭಾಗ ಕುಸಿಯಿತು. ಉಳಿದ ಭಾಗವನ್ನು ನೀವು ಇಂದಿಗೂ ಬೀದರಿಗೆ ಹೋದರೆ ಕಾಣಬಹುದು.

ಅಷ್ಟು ಕೆಲಸದ ನಡುವೆಯೂ ಅವರು ಬಿಡುವಿನ ವೇಳೆಯನ್ನು ಇಲ್ಲಿ ವಿದ್ವಾಂಸರೊಡನೆ ಕಳೆಯುತ್ತಿದ್ದರು. ಅಧಿಕಾರ ಸಿಕ್ಕ ಮೇಲೆ ಕಲಿಯುವುದನ್ನು ನಿಲ್ಲಿಸಿದವನಿಗೆ ಸುತ್ತಲೂ ಹೊಗಳುವವರು ಮಾತ್ರ ಉಳಿಯುತ್ತಾರೆ. ಕಲಿಯುವವನಿಗೆ ತಿದ್ದುವವರೂ ಇರುತ್ತಾರೆ.

ಮೊಹರಿನ ದುರಂತ

ಇನ್ನು ಅವರ ಅಂತ್ಯದ ಕಥೆ. ಮಲಿಕ್ ಹಸನ್ ಮತ್ತು ಅವನ ಸಂಗಡಿಗರು ಗವಾನರ ಲೆಕ್ಕದಲ್ಲಿ ತಪ್ಪು ಹುಡುಕಲಾರದೆ ಬೇರೆ ದಾರಿ ಹಿಡಿದರು. ಗವಾನರ ಮೊಹರು ಅವರ ಒಬ್ಬ ನಂಬಿಕೆಯ ಸೇವಕನ ವಶದಲ್ಲಿರುತ್ತಿತ್ತು. ಸಂಚುಗಾರರು ಅವನೊಡನೆ ಸ್ನೇಹ ಬೆಳೆಸಿದರು, ಉಡುಗೊರೆ ಕೊಟ್ಟರು. ಒಂದು ದಿನ ಮದ್ಯದ ಅಮಲಿನಲ್ಲಿದ್ದ ಅವನ ಮುಂದೆ ಮಡಿಸಿದ ಕಾಗದವೊಂದನ್ನು ಚಾಚಿ, ಇದು ಗೆಳೆಯನೊಬ್ಬನ ಲೆಕ್ಕದ ಕಾಗದ, ಎಲ್ಲರ ಮೊಹರೂ ಬಿದ್ದಿದೆ, ನಿನ್ನ ಯಜಮಾನರದ್ದೂ ಬೀಳಲಿ ಎಂದರು. ಅವನು ಬಿಚ್ಚಿ ನೋಡದೆ ಒತ್ತಿಬಿಟ್ಟ. ಕಾಗದ ಖಾಲಿಯಾಗಿತ್ತು. ಒಡಿಶಾದ ಅರಸನಿಗೆ ದಂಡೆತ್ತಿ ಬರಲು ಆಹ್ವಾನ ನೀಡುವ ರಾಜದ್ರೋಹದ ಪತ್ರವನ್ನು ಆ ಮೊಹರಿನ ಮೇಲ್ಭಾಗದಲ್ಲಿ ಅವರು ಬರೆದರು.

ಸುಲ್ತಾನ ಆಗ ಆಂಧ್ರದ ಕೊಂಡಪಲ್ಲಿಯ ಬಳಿ ದಂಡಿನಲ್ಲಿದ್ದ. ಪತ್ರ ನೋಡಿ ಕೆರಳಿ ಗವಾನರಿಗೆ ಕರೆ ಕಳುಹಿಸಿದ. ಅಪಾಯವನ್ನು ಅರಿತ ಆಪ್ತರು ಹೋಗಬೇಡಿರೆಂದು ಬೇಡಿಕೊಂಡರು. ಸಾವಿರ ಕುದುರೆಗಳು ಸಿದ್ಧವಿವೆ, ಗುಜರಾತಿಗೆ ಹೊರಡೋಣವೆಂದರು. ತಪ್ಪು ಮಾಡದವನು ಓಡಬೇಕಾಗಿಲ್ಲವೆಂದೂ, ತಂದೆಯ ಸೇವೆಯಲ್ಲಿ ಬೆಳ್ಳಗಾದ ಗಡ್ಡ ಮಗನ ಕಾಲದಲ್ಲಿ ಕೆಂಪಾದರೂ ಚಿಂತೆಯಿಲ್ಲವೆಂದೂ ಹೇಳಿ ಅವರು ಹೊರಟರು. ಪಾನಮತ್ತನಾಗಿದ್ದ ಸುಲ್ತಾನ ದ್ರೋಹಿಗೆ ಏನು ಶಿಕ್ಷೆಯೆಂದು ಕೇಳಿದ. ಮರಣವೇ ಶಿಕ್ಷೆಯೆಂದು ಅವರು ನುಡಿದರು. ಪತ್ರ ತೋರಿಸಿದಾಗ, ಮೊಹರು ತನ್ನದು, ಪತ್ರ ತನ್ನದಲ್ಲವೆಂದು ಹೇಳಿದರು. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು, ಬದುಕಿನ ಕಾಲು ಶತಮಾನಕ್ಕೂ ಹೆಚ್ಚನ್ನು ಆ ರಾಜ್ಯಕ್ಕೆ ಸವೆಸಿದ್ದ ಆ ವೃದ್ಧರ ತಲೆ ಉರುಳಿತು.

ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪಪಟ್ಟು ಶವವನ್ನು ಬೀದರಿಗೆ ಕಳುಹಿಸಿದ. ಆದರೆ ಒಮ್ಮೆ ಮುರಿದ ವಿಶ್ವಾಸ ಮತ್ತೆ ಕೂಡಲಿಲ್ಲ. ಸರದಾರರು ಸುಲ್ತಾನನ ಬಿಡಾರದಿಂದ ದೂರವೇ ಉಳಿದರು. ಒಂದು ವರ್ಷದೊಳಗೆ, 1482ರ ಮಾರ್ಚಿನಲ್ಲಿ, ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ಆ ದೊಡ್ಡ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ್, ಬೀದರ್, ಗೋಲ್ಕೊಂಡಗಳೆಂದು ಐದು ಹೋಳಾಯಿತು. ಸಂಚು ಹೂಡಿದ ಮಲಿಕ್ ಹಸನ್‌ನೂ 1486ರಲ್ಲಿ ಕೊಲೆಯಾದ.

ನಮಗೇನು ಪಾಠ?

ಗವಾನರ ಪ್ರಾಮಾಣಿಕತೆಯಲ್ಲಿ ಒಂದು ಕುಂದೂ ಇರಲಿಲ್ಲ. ಹಾಗಾದರೆ ಅವರು ಸೋತದ್ದೆಲ್ಲಿ? ಮುಖ್ಯ ಅಪರಾಧ ಸಂಚುಗಾರರದ್ದು, ಆ ಬಳಿಕ ವಿಚಾರಿಸದೆ ತೀರ್ಪು ಕೊಟ್ಟ ಸುಲ್ತಾನನದ್ದು. ಆದರೆ ಅವರ ಜೀವನದಿಂದ ಕಲಿಯಬೇಕಾದರೆ ಎರಡು ಸಂಗತಿಗಳನ್ನು ಮರೆಮಾಚಬಾರದು. ನಷ್ಟ ಅನುಭವಿಸಿದವರ ಅಸಮಾಧಾನ ವಿಷವಾಗುವವರೆಗೆ ಬೆಳೆಯಿತು. ಎಲ್ಲರ ಸೈನಿಕರನ್ನು ಎಣಿಸಿದವರು ತಮ್ಮ ಮೊಹರನ್ನು ಒಬ್ಬನೇ ಸೇವಕನ ಕೈಯಲ್ಲಿ ಬಿಟ್ಟಿದ್ದರು.

ಇಂದಿನ ಮೊಹರು ಎಂದರೆ ರಬ್ಬರ್ ಸ್ಟಾಂಪು, ಸಹಿ ಹಾಕಿದ ಖಾಲಿ ಚೆಕ್ಕು, ಕಂಪ್ಯೂಟರಿನ ಪಾಸ್‌ವರ್ಡ್, ಮೊಬೈಲಿಗೆ ಬರುವ ಓಟಿಪಿ. ನಂಬಿಕೆಯ ಹುಡುಗ ಎಂದು ಇವುಗಳನ್ನು ಒಬ್ಬನ ಕೈಗೆ ಕೊಡುತ್ತೇವೆ. ಇದರಿಂದ ನಮಗಷ್ಟೇ ಅಪಾಯವಲ್ಲ, ಆ ಹುಡುಗನನ್ನೂ ಪರೀಕ್ಷೆಗೆ ಒಡ್ಡಿದಂತಾಗುತ್ತದೆ. ಎರಡು ಸಹಿಯ ನಿಯಮ ಅಪನಂಬಿಕೆಯ ಗುರುತಲ್ಲ. ಅದು ನಂಬಿಗಸ್ತನಿಗೆ ಕೊಡುವ ರಕ್ಷಣೆ. ಸಾಲ ಕೊಡುವಾಗ ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಪವಿತ್ರ ಕುರ್‌ಆನ್ ವಿಶ್ವಾಸಿಗಳಿಗೆ ಕಲಿಸಿದ್ದು ಇದೇ ಕಾರಣಕ್ಕೆ.

ನಮ್ಮ ಕಡೆಯ ಜನರಿಗೆ ಕೂಡಿ ನಡೆಸುವ ವಿದ್ಯೆ ಹೊಸದಲ್ಲ. ಅಂದಿನ ಧಾರವಾಡ ಜಿಲ್ಲೆಯ, ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ರೈತರ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಭಾರತದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರಿದೆ. ನವಲಗುಂದದ ಓಣಿಗಳಲ್ಲಿ ನಮ್ಮ ತಾಯಂದಿರು ನೇಯುವ ಜಮಖಾನೆಯನ್ನು ನೋಡಿ. ಎಳೆಗಳನ್ನು ಎಣಿಸದೆ ಚಿತ್ತಾರ ಮೂಡದು. ಆದರೆ ಎಣಿಕೆ ಸರಿಯೆಂದು ನೂಲನ್ನು ಬಿಗಿಯಾಗಿ ಜಗ್ಗಿದರೆ ಅದು ಹರಿದುಹೋಗುತ್ತದೆ. ಎಣಿಸುವ ಕಣ್ಣು, ಎಳೆಯ ಬಿಗಿ ಅರಿಯುವ ಬೆರಳು ಎರಡೂ ಬೇಕು.

ಆದ್ದರಿಂದ, ನಿಮ್ಮ ಮನೆಯ ಲೆಕ್ಕಿಗ ನಾಳೆ ಮುಖ್ಯಸ್ಥನಾದರೆ ಅವನಿಗೆ ಇಷ್ಟು ಹೇಳಿ. ಎರಡು ಚೀಲಗಳನ್ನು ಬೆರೆಸಬೇಡ. ಗೌರವ ಬಂದ ದಿನ ಮನಸ್ಸನ್ನು ತಪಾಸಣೆ ಮಾಡು. ಸಾಕಷ್ಟು ಕೊಟ್ಟು ಲೆಕ್ಕ ಕೇಳು. ನಿನ್ನ ನಿರ್ಧಾರದಿಂದ ಕಳೆದುಕೊಂಡವನ ಮನೆಗೆ ನೀನೇ ಹೋಗು. ಮೊಹರನ್ನು ಒಬ್ಬನ ಕೈಯಲ್ಲಿ ಬಿಡಬೇಡ. ಯಾರ ಮೇಲಾದರೂ ಕಾಗದವೊಂದು ನಿನ್ನ ಮೇಜಿಗೆ ಬಂದರೆ, ಆ ಸುಲ್ತಾನನಂತೆ ಆತುರಪಡದೆ, ಅವನನ್ನು ಕರೆದು ಕೇಳು. ಏಕೆಂದರೆ ಮೊಹರು ನಿಜವಾಗಿದ್ದರೂ ಪತ್ರ ಸುಳ್ಳಾಗಿರಬಹುದು.

ಒಪ್ಪಿಸಿದ ಹೊಣೆಯನ್ನು ನಿಷ್ಠೆಯಿಂದಲೂ ಕರುಣೆಯಿಂದಲೂ ಎಚ್ಚರದಿಂದಲೂ ನಿರ್ವಹಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.